ಏಳರಿಂದ ಎಂಟರವರೆಗೆ ಮಹಾಲಕ್ಷ್ಮೀ ಇಲ್ಲೆ

ಮಹಾಲಕ್ಷ್ಮೀ ಭಟ್ಟಳ ದನಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಹೊನ್ನಾವರದ ನಮ್ಮ ಕೇರಿಯಲ್ಲಿ ಅವಳು ಹಿತ್ತಿಲಲ್ಲಿ ನಿಂತು ಮಗಳನ್ನು ಕರೆದರೆ ಹೈವೇಯಲ್ಲಿ ಹೋಗುವ ಲಾರಿಯವನೂ ಒಮ್ಮೆ ಬ್ರೇಕಿನ ಮೇಲೆ ಕಾಲಿಡುತ್ತಾನೆ ಎಂದು ನಾನೇ ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದಕ್ಕೆ ಅವಳು ಬೇಸರ ಮಾಡಿಕೊಂಡವಳಲ್ಲ. "ಬಾಯಿದ್ದವ ಬರಗಾಲದಲ್ಲೂ ಬದುಕಿದ, ವೀಣಕ್ಕ" ಎಂದು ಇನ್ನಷ್ಟು ಜೋರಾಗಿ ನಗುತ್ತಿದ್ದಳು. ಕುಮಟಾ ಕಡೆಯ ಹಳ್ಳಿಯೊಂದರಲ್ಲಿ ಮಕ್ಕಳು ತುಂಬಿದ ಮನೆಯಲ್ಲಿ ಹುಟ್ಟಿದವಳು. ದನಿ ಎತ್ತದವರಿಗೆ ಅಲ್ಲಿ ಎರಡನೇ ಸಲ ಅನ್ನ ಬೀಳುತ್ತಿರಲಿಲ್ಲವಂತೆ.

ಆ ವೀಣಕ್ಕ ನಾನೇ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನನ್ನ ಹಿತ್ತಿಲಿಗೂ ಮಹಾಲಕ್ಷ್ಮಿಯ ಅಡುಗೆಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ ಮಾತ್ರ ಇದೆ. ಆ ಮನೆಯಲ್ಲಿ ಸಾಸಿವೆ ಸಿಡಿದರೆ ಈ ಮನೆಯಲ್ಲಿ ಸೀನು ಬರುತ್ತದೆ.

ಮಹಾಲಕ್ಷ್ಮೀ ದೋಸೆಹಿಟ್ಟು ಮಾರುತ್ತಾಳೆ. ಪೇಟೆಯಲ್ಲಿ ಈಗ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು. ಅಕ್ಕಿ ನೆನೆಸುವಷ್ಟು ಪುರಸೊತ್ತು ಯಾರಿಗಿದೆ? ಸಂಜೆಯಾದರೆ ಅವಳ ಗ್ರೈಂಡರ್ ಗುಡುಗಲು ಶುರು, ಅದರ ಮೇಲೆ ಅವಳ ಮಾತು. ಬೆಳಗಿನ ಹೊತ್ತಿಗೆ ಹುಳಿ ಬಂದ ಹಿಟ್ಟು ಪೊಟ್ಟಣ ಕಟ್ಟಿ ಮನೆಮನೆಗೆ ಹೋಗುತ್ತದೆ. ಗಂಡ ಮಾದೇವ ಭಟ್ಟರು ಭಟ್ಕಳದಲ್ಲಿ ಒಂದು ಪಾತ್ರೆ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾರೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಹೆಂಡತಿ ಮಾತಾಡುವುದರಿಂದ ಅವರು ಮಾತಾಡುವ ಅಗತ್ಯ ಬಿದ್ದಿಲ್ಲ. ಮಗಳು ಒಬ್ಬಳೇ, ಅರ್ಚಿತಾ, ಬಿ.ಕಾಂ. ಓದುತ್ತಾಳೆ.

ಅವರ ಮನೆಮಾತಿನ ಒಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಅವರು ಹವ್ಯಕರು. 'ಇಲ್ಲ' ಎನ್ನುವುದಕ್ಕೆ ಅವರಲ್ಲಿ 'ಇಲ್ಲೆ' ಅನ್ನುತ್ತಾರೆ. ನಮಗೆ ಅದು ರೂಢಿ. ಹೊರಗಿನವರಿಗೆ ಅದು 'ಇಲ್ಲಿಯೇ' ಎಂದು ಕೇಳಿಸುತ್ತದೆ. ಒಮ್ಮೆ ವಿಜಯಪುರ ಕಡೆಯ ಕೊರಿಯರ್‌ನವನು ಬಂದು "ಭಟ್ಟರು ಅದಾರೇನ್ರಿ?" ಎಂದು ಕೇಳಿದ. ಮಹಾಲಕ್ಷ್ಮೀ ಒಳಗಿನಿಂದಲೇ "ಇಲ್ಲೆ" ಎಂದಳು. ಆ ಪುಣ್ಯಾತ್ಮ ಭಟ್ಟರು ಇಲ್ಲೇ ಎಲ್ಲೋ ಇದ್ದಾರೆಂದು ಮೆಟ್ಟಿಲ ಮೇಲೆ ಕೂತು ಕಾದದ್ದೇ ಕಾದದ್ದು. ಆಮೇಲೆ ಅವನಿಗೆ ದೋಸೆ ಕೊಟ್ಟು ಕಳಿಸಿದಳು.

ಇಂಥ ಗಂಟಲಿನವಳಿಗೆ ಹುಟ್ಟಿದ ಅರ್ಚಿತಾ ಕಾಲೇಜಿಗೆ ಹೋದ ಮೊದಲ ವರ್ಷವೇ ಮೂಕಿಯಾದಳು. ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಎದ್ದು ನಿಂತು ಏನೋ ತಪ್ಪಿದಳಂತೆ, ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅಷ್ಟೇ. ಅಂದಿನಿಂದ ಇಂಗ್ಲಿಷ್ ಹೋಗಲಿ, ಕನ್ನಡವೂ ಬಾಯಿಂದ ಉದುರುವುದು ನಿಂತಿತು. ಮನೆಗೆ ಬಂದು ಉಣ್ಣುವುದು, ಓದುವುದು, ಮಲಗುವುದು. ಮಹಾಲಕ್ಷ್ಮೀ ಗೋಡೆಯ ಹತ್ತಿರ ನಿಂತು ಅತ್ತದ್ದನ್ನು ನಾನು ಕಂಡದ್ದು ಆಗಲೇ. "ಒಂದೇ ಒಂದು ಕೂಸು ವೀಣಕ್ಕ, ಅದೂ ಬಾಯಿ ಬಿಡೂದಿಲ್ಲ ಅಂದ್ರೆ ನಾ ಯಾರ ಹತ್ರ ಜಗಳ ಆಡೂದು?"

ಇಂಗ್ಲಿಷ್ ಕ್ಲಬ್ಬನ್ನು ಹುಡುಕಿದವಳೂ ಮಹಾಲಕ್ಷ್ಮಿಯೇ. ಹಿಟ್ಟು ಕೊಡಲು ಹೋದ ಮನೆಯೊಂದರಲ್ಲಿ ಸುದ್ದಿ ತಿಳಿದಳು. ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜು ಮಕ್ಕಳು ಸಂಜೆ ಏಳರಿಂದ ಎಂಟರವರೆಗೆ ಫೋನಿನಲ್ಲಿ ಮುಖ ನೋಡಿಕೊಂಡು ಇಂಗ್ಲಿಷಿನಲ್ಲಿ ಹರಟೆ ಹೊಡೆಯುವುದು. ಪರೀಕ್ಷೆಯಿಲ್ಲ, ಅಂಕವಿಲ್ಲ. ಆ ಒಂದು ತಾಸು ಕನ್ನಡದ ಒಂದು ಶಬ್ದವೂ ಬಾಯಿಗೆ ಬರಬಾರದು, ಅಷ್ಟೇ ನಿಯಮ. ನಡೆಸುವವರು ಶರ್ಮಿಳಾ ಮೇಡಂ, ಮೈಸೂರು ಕಡೆಯವರು, ಕುಮಟಾದ ಕಾಲೇಜೊಂದಕ್ಕೆ ಹೊಸದಾಗಿ ಬಂದವರು. ಮಹಾಲಕ್ಷ್ಮೀ ಮಗಳ ಹೆಸರು ಹಚ್ಚಿಸಿದ್ದು ಮಾತ್ರವಲ್ಲ, ಆ ಹೊತ್ತಿಗೆ ಗದ್ದಲವಾಗದಿರಲೆಂದು ಗ್ರೈಂಡರಿನ ಸಮಯವನ್ನೂ ಬದಲಿಸಿಕೊಂಡಳು.

ಮುಂದಿನದನ್ನು ಅರ್ಚಿತಾ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಮೊದಲ ದಿನ ಮನೆಯವರನ್ನು ಪರಿಚಯ ಮಾಡಿಸುವ ಪಾಠವಂತೆ. ಬಾಡ ಎಂಬ ಊರಿನ ಶಿಶಿರ ಎನ್ನುವ ಹುಡುಗ ಅಜ್ಜಿಯನ್ನು ಎಳೆತಂದು ಫೋನಿನ ಮುಂದೆ ನಿಲ್ಲಿಸಿದ. ಭಟ್ಕಳದ ಧನ್ಯಾ ಅಮ್ಮನ ಜೊತೆ ಬೆಕ್ಕನ್ನೂ ತೋರಿಸಿದಳು. ಅರ್ಚಿತಾಳ ಸರದಿ ಬಂದಾಗ ಮಹಾಲಕ್ಷ್ಮೀ ನನ್ನ ಹಿತ್ತಿಲಲ್ಲಿ ಕರಿಬೇವು ಕೊಯ್ಯುತ್ತಿದ್ದಳು.

"ವೇರ್ ಈಸ್ ಯುವರ್ ಮದರ್?" ಎಂದು ಮೇಡಂ ಕೇಳಿದರು.

ಹುಡುಗಿಯ ತಲೆಯಲ್ಲಿ ಉತ್ತರ ತಯಾರಿತ್ತು: ಆಯಿ ಇಲ್ಲೆ, ಅಂದರೆ ಅಮ್ಮ ಈಗ ಮನೆಯಲ್ಲಿಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅಪ್ಪನ ಅಂಗಡಿ ನೆರವಿಗೆ ಬಂತು. ಆ ಅಂಗಡಿಯ ಯಜಮಾನರ ಮಗ ದುಬೈಯಿಂದ ಬಂದವನು, ಸರಕು ಮುಗಿದರೆ ಗಿರಾಕಿಗೆ 'ನೋ ಮೋರ್' ಅನ್ನುತ್ತಾನೆ. ಭಟ್ಟರು ಆ ಮಾತನ್ನು ಮನೆಗೂ ತಂದಿದ್ದರು. ಅವರ ಮನೆಯಲ್ಲಿ ಸಕ್ಕರೆ ನೋ ಮೋರ್, ಕರೆಂಟ್ ನೋ ಮೋರ್, ತಂಬುಳಿ ನೋ ಮೋರ್. ಇಲ್ಲೆ ಅನ್ನುವುದಕ್ಕೆ ಅದೇ ಇಂಗ್ಲಿಷ್ ಎಂದು ಮಗು ತಿಳಿದಿತ್ತು.

"ಮೈ ಮದರ್ ಈಸ್ ನೋ ಮೋರ್, ಮೇಡಂ."

ನನ್ನ ತಾಯಿ ತೀರಿಕೊಂಡಿದ್ದಾಳೆ. ಅವಳು ಹೇಳಿದ್ದು ಅದು. ಫೋನಿನ ಚೌಕಗಳಲ್ಲಿದ್ದ ಮುಖಗಳೆಲ್ಲ ಬಾಡಿದವು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ತಾಯಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ನಮ್ಮ ಹುಡುಗಿ ಅದನ್ನು ನಮಸ್ಕಾರವೆಂದುಕೊಂಡು ತಾನೂ ಕೈಮುಗಿದಳು.

ಅರ್ಥ ತಿಳಿದದ್ದು ಕ್ಲಬ್ ಮುಗಿದ ಮೇಲೆ, ಧನ್ಯಾ ಕಳಿಸಿದ ಸಾಂತ್ವನದ ಮಾತು ಓದಿ. ಮರುದಿನ ಹೇಳಿಬಿಡಬೇಕೆಂದು ಕೂತರೆ ಮೇಡಂ ಶುರುವಿಗೇ ಅರ್ಚಿತಾಳ ತಾಯಿಗಾಗಿ ಒಂದು ನಿಮಿಷದ ಮೌನ ಎಂದರು. ಎಲ್ಲರೂ ತಲೆ ತಗ್ಗಿಸಿದರು. ಆ ಮೌನವನ್ನು ಒಡೆದು 'ನನ್ನ ಆಯಿ ಅಡುಗೆಮನೆಯಲ್ಲಿ ಉದ್ದು ತೊಳೀತಾ ಇದ್ದು' ಎನ್ನುವುದು ಹೇಗೆ? ಅದೂ ಇಂಗ್ಲಿಷಿನಲ್ಲಿ? ಒಂದು ಸೆಮಿನಾರಿನ ನಗೆಗೆ ವರ್ಷವಿಡೀ ಮೂಕಿಯಾದ ಹುಡುಗಿ ಅದು. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವಳು ತಲೆ ತಗ್ಗಿಸಿ ಕೂತಳು.

ಆದರೆ ತಾಯಿಯಿಲ್ಲದ ಹುಡುಗಿಯನ್ನು ನೋಡಿ ಯಾರೂ ನಗಲಿಲ್ಲ. ತಡವರಿಸಿದರೆ ಕಾದರು, ತಪ್ಪಿದರೆ ಮೆಲ್ಲಗೆ ತಿದ್ದಿದರು. ನೋಡುನೋಡುತ್ತ ಅವಳಿಗೆ ಮಾತು ಬಂತು. ಹಬ್ಬದ ಬಗ್ಗೆ ಮಾತಾಡಿ ಎಂದರೆ ಅಮ್ಮ ಹೀಗೆ ಮಾಡುತ್ತಿದ್ದರು, ಊಟದ ಬಗ್ಗೆ ಎಂದರೆ ಅಮ್ಮ ಹಾಗೆ ಬಡಿಸುತ್ತಿದ್ದರು. ಸತ್ತವರ ಬಗ್ಗೆ ವರ್ತಮಾನ ಕಾಲದಲ್ಲಿ ಹೇಳುವ ಹಾಗಿಲ್ಲವಲ್ಲ. ಇಡೀ ಕ್ಲಬ್ಬಿನಲ್ಲಿ ಅರ್ಚಿತಾಳ ಭೂತಕಾಲದಷ್ಟು ಶುದ್ಧ ಭೂತಕಾಲ ಯಾರದೂ ಇಲ್ಲ ಎಂದು ಮೇಡಂ ಹೊಗಳಿದರಂತೆ.

ಆಗ ನಮಗೆ ಇದೆಲ್ಲ ತಿಳಿಯದು. ಮಗಳು ಮಾತಾಡುತ್ತಿದ್ದಾಳೆ ಎಂಬುದೊಂದೇ ಸಂಭ್ರಮ. "ಏಳು ಗಂಟೆಗೆ ಸೌಂಡ್ ಮಾಡಡ ಆಯಿ, ಎಂತಕ್ಕೂ ಕರೆಯಡ" ಎಂದು ಅರ್ಚಿತಾ ತಾಕೀತು ಮಾಡಿದಳು. ಮಹಾಲಕ್ಷ್ಮೀ ಇಂಗ್ಲಿಷಿಗೆ ಮಡಿಯಂಥದ್ದೇನೋ ಇರಬೇಕೆಂದು ಒಪ್ಪಿಕೊಂಡಳು. ಏಳಕ್ಕೆ ಗ್ರೈಂಡರ್ ಬಂದ್, ಬಾಯಿ ಬಂದ್. ಪಾತ್ರೆಯನ್ನು ನೆಲಕ್ಕಿಡುವಾಗ ಕೆಳಗೆ ಬಟ್ಟೆ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿ ಹಿತ್ತಿಲಿಗೆ ಓಟ. ಗೋಡೆಯ ಆಚೆಯಿಂದ ನಾನು ಏನಾದರೂ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು ಕಣ್ಣಲ್ಲೇ ಗದರುತ್ತಿದ್ದಳು. ಒಂದು ದಿನ ಮರೆತು "ಅರ್ಚೀ, ಬಾಗಿಲು ಹಾಕ್ಯೇ, ದನ ಬಂತು!" ಎಂದು ಕೂಗಿಬಿಟ್ಟಳು. ಅದು ಯಾರ ದನಿ ಎಂದು ಕ್ಲಬ್ಬಿನಲ್ಲಿ ಕೇಳಿದರಂತೆ. "ಮೈ ಆಂಟಿ" ಎಂದಳಂತೆ ಅರ್ಚಿತಾ. ಹೀಗೆ ಆ ಮನೆಯಲ್ಲಿ ಸತ್ತ ತಾಯಿಯ ಜೊತೆಗೆ ಇಲ್ಲದ ಚಿಕ್ಕಮ್ಮನೊಬ್ಬಳು ಹುಟ್ಟಿಕೊಂಡಳು.

ಆದರೆ ಬಾಯಿ ಮುಚ್ಚಿದವಳ ಕಿವಿ ತೆರೆದಿರುತ್ತದೆ. ದಿನಾ ಒಂದು ತಾಸು ಸುಮ್ಮನೆ ಕೂತು ಮಗಳ ಇಂಗ್ಲಿಷ್ ಕೇಳಿದ ಮಹಾಲಕ್ಷ್ಮಿಗೆ ಎರಡು ಮಾತು ನೆನಪುಳಿದವು. ನವರಾತ್ರಿಯ ಹೊತ್ತಿಗೆ ಒಂದು ಮಧ್ಯಾಹ್ನ ಗೋಡೆಯ ಮೇಲೆ ಮೊಣಕೈ ಊರಿ ಕೇಳಿದಳು.

"ವೀಣಕ್ಕ, 'ಮೈ ಮದರ್ ಯೂಸ್ಟು' ಅಂದ್ರೆ ಎಂತ? ದಿನಾ ಹೇಳ್ತದೆ. ನನ್ನ ವಿಷಯ ಅಲ್ವಾ?"

"ನಮ್ಮ ಅಮ್ಮ ಮೊದಲು ಮಾಡ್ತಿದ್ದರು ಅಂತ."

"ಮೊದಲು ಎಂತಕ್ಕೆ? ನಾ ಈಗಲೂ ಮಾಡ್ತೇನಲ್ಲ ಮಾರಾಯ್ತಿ?" ಎಂದು ನಕ್ಕಳು. "ಮತ್ತೆ 'ನೋ ಮೋರ್'? ಅದು ನಮ್ಮನೆ ಮಾತು, ಇಲ್ಲೆ ಅಂತ. ಆದ್ರೆ ಅಮ್ಮ ನೋ ಮೋರ್ ಅಂದ್ರೆ ಎಂತ?"

ನನಗೆ ಸುತ್ತಿ ಬಳಸಿ ಗೊತ್ತಿಲ್ಲ. ಹೇಳಿಬಿಟ್ಟೆ. ಹೇಳುತ್ತ ಹೇಳುತ್ತಲೇ ನನಗೆ ಎಲ್ಲ ಹೊಳೆಯಿತು. ಗಂಟಲು, ಗ್ರೈಂಡರು, ಸೆರಗು, ಎಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ "ಬರಲಿ ಮನೆಗೆ ಆ ಹುಡುಗಿ, ಕಿವಿ ಕಿತ್ತು ಕೈಗೆ ಕೊಡ್ತೇನೆ" ಎಂದೆ. ಮಹಾಲಕ್ಷ್ಮೀ ಗೋಡೆಯ ಮೇಲಿಂದ ಕೈಚಾಚಿ ನನ್ನ ಮಣಿಕಟ್ಟು ಹಿಡಿದಳು. ಹಿಟ್ಟಿನ ಕೈ ತಣ್ಣಗಿತ್ತು.

"ಬೇಡ ವೀಣಕ್ಕ. ಈಗ ಬಾಯಿ ಬಿಡ್ತಾ ಉಂಟು ಅದು. ಈಗ ಅಡ್ಡ ಹೋದ್ರೆ ಮತ್ತೆ ಮುಚ್ಕಂಡು ಹೋಗ್ತದೆ. ನಾ ಹುಟ್ಟಿದಾಗಿಂದ ಮಾತಾಡಿದ್ದೇನೆ. ದಿನಕ್ಕೆ ಒಂದು ತಾಸು ಸತ್ರೆ ಎಂತ ಆತು?"

ಹೇಳುವಾಗ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಅವಳಿಗೆ ತನ್ನ ಅಜ್ಜಿಯ ನೆನಪಾಗಿತ್ತು. ಅಜ್ಜಿಯ ತಲೆಗೆ ಕಾಗೆ ಮುಟ್ಟಿತ್ತಂತೆ. ಕಾಗೆ ಮುಟ್ಟಿದರೆ ಗಂಡಾಂತರ ಎಂದು, ಅಜ್ಜಿ ಸತ್ತಳೆಂದು ನೆಂಟರ ಮನೆಗಳಿಗೆ ಸುಳ್ಳು ಸುದ್ದಿ ಕಳಿಸಿದ್ದರಂತೆ. ನೆಂಟರು ಅತ್ತುಬಿಟ್ಟರೆ ದೋಷ ಕಳೆಯಿತು. "ಆದ್ರೆ ಅತ್ತ ಕೂಡ್ಲೆ ಬದುಕಿದ್ದಾಳೆ ಅಂತ ನಿಜ ಹೇಳಿಬಿಡಬೇಕು ವೀಣಕ್ಕ. ಹೇಳದೇ ಬಿಟ್ರೆ ಎಂತ ಆಗ್ತದೆ ಅಂತ ಅಜ್ಜಿ ಹೇಳ್ಲಿಲ್ಲ" ಎಂದು ಒಳಗೆ ಹೋದಳು. ಅವಳು ಅಷ್ಟು ಹೆದರಿದ್ದನ್ನು ನಾನು ಕಂಡದ್ದಿಲ್ಲ.

ಆಮೇಲಿನ ತಿಂಗಳುಗಳು ಭಯದಲ್ಲೇ ಕಳೆದವು. ಮಗಳಿಗೆ ತಾನು ಹೇಳಿದ ಸುಳ್ಳಿನ ಭಯ. ತಾಯಿಗೆ ಆ ಸುಳ್ಳು ಬಯಲಾಗುವ ಭಯ. ತಾಯಿಗೆ ಗೊತ್ತೆಂದು ಮಗಳಿಗೆ ಗೊತ್ತಿಲ್ಲ. ಇಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಮಹಾಲಕ್ಷ್ಮಿಗೆ ನಾಲ್ಕು ದಿನ ಜ್ವರ ಬಂದಾಗ ಅರ್ಚಿತಾ ಕ್ಲಬ್ಬನ್ನೂ ಬಿಟ್ಟು ಅವಳ ಕಾಲ ಹತ್ತಿರ ಕೂತು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ತನ್ನ ಮಾತು ನಿಜವಾಗುತ್ತಿದೆ ಎಂದೇ ಅವಳ ಲೆಕ್ಕ. "ಎಂತಕ್ಕೆ ಅಳ್ತೆ ಕೂಸೆ? ಇದು ಬರೀ ಜ್ವರ" ಎಂದು ತಾಯಿ ತಲೆ ಸವರಿದರೆ ಮತ್ತಷ್ಟು ಅಳು. ಹೇಳಿಬಿಡು ಎಂದು ನನಗೆ ಕೂಗಬೇಕೆನಿಸಿತು. ಮಹಾಲಕ್ಷ್ಮೀ ಹಾಸಿಗೆಯಿಂದಲೇ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ನಾನು ಗಂಜಿ ಕೊಟ್ಟು ಎದ್ದುಬಂದೆ.

ಆಗಲೇ ಅವಳ ದನಿ ಇಳಿಯತೊಡಗಿದ್ದು. ಮೊದಲು ಏಳರಿಂದ ಎಂಟು ಮಾತ್ರ ಇದ್ದ ಮೌನ ಬರಬರುತ್ತ ಆಚೀಚೆ ಹರಡಿತು. ಹಿಟ್ಟು ಕೊಡುವ ಮನೆಗಳಲ್ಲಿ "ಮಹಾಲಕ್ಷ್ಮಕ್ಕನಿಗೆ ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳುವ ಹಾಗಾಯಿತು. ಹೈವೇಯ ಲಾರಿಗಳು ನಿಶ್ಚಿಂತೆಯಿಂದ ಹೋದವು. ನನಗೆ ಮಾತ್ರ ಸಂಜೆ ಬಂತೆಂದರೆ ಸಂಕಟವಾಗುತ್ತಿತ್ತು.

ಜನವರಿಯ ಒಂದು ಭಾನುವಾರ ಕ್ಲಬ್ಬಿನ ಮಕ್ಕಳೆಲ್ಲ ಕುಮಟಾದಲ್ಲಿ ಸೇರುವುದೆಂದಾಯಿತು. ನಿರೂಪಣೆ ಅರ್ಚಿತಾಳದ್ದೇ. ಮನೆಯವರನ್ನೂ ಕರೆತರಬೇಕು. ಹುಡುಗಿ ಅಪ್ಪನಿಗೆ ರಜೆಯಿಲ್ಲ ಎಂದಳು, ಚಿಕ್ಕಮ್ಮನಿಗೆ ಕಾಲು ನೋವು ಎಂದಳು. ಕೊನೆಗೆ ಆ ಭಾನುವಾರ ತನಗೇ ಜ್ವರ ಎಂದು ಮೆಸೇಜು ಹಾಕಿ ಹೊದ್ದು ಮಲಗಿದಳು. ಶರ್ಮಿಳಾ ಮೇಡಂ ಮುನ್ನಾದಿನ ಭಟ್ಕಳಕ್ಕೆ ಯಾವುದೋ ಕೆಲಸಕ್ಕೆ ಹೋಗಿದ್ದವರು, ಧನ್ಯಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಕುಮಟಾಕ್ಕೆ ಹೊರಟಿದ್ದರು. ಹೊನ್ನಾವರ ಹೇಗೂ ದಾರಿಯಲ್ಲೇ. ತಾಯಿಯಿಲ್ಲದ ಮಗು, ಜ್ವರ ಬೇರೆ, ನೋಡಿಯೇ ಹೋಗೋಣವೆಂದು ಮನೆ ಹುಡುಕಿಕೊಂಡು ಬಂದೇಬಿಟ್ಟರು.

ಕಾರು ನಿಂತದ್ದು ಕಂಡು ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಮಹಾಲಕ್ಷ್ಮೀ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೆ ಹಿಟ್ಟು.

"ನೀವು ಅರ್ಚಿತಾಳ ಆಂಟಿ ಅಲ್ವಾ?" ಎಂದರು ಮೇಡಂ.

ಮಹಾಲಕ್ಷ್ಮೀ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ, ಯಾವಾಗ ಕಲಿತಿದ್ದಳೋ, ಎಷ್ಟು ದಿನ ಒಲೆಯ ಮುಂದೆ ಬಾಯಿಪಾಠ ಮಾಡಿದ್ದಳೋ, "ಯೆಸ್. ಐ ಆಮ್ ಆಂಟಿ. ಕಮ್, ಸಿಟ್" ಎಂದಳು.

ನಾನು ಒಳಗೆ ಹಾಸಿಗೆಯ ಮೇಲೆ ಎದ್ದು ಕೂತ ಅರ್ಚಿತಾಳ ಮುಖ ನೋಡಿದೆ. ಆಯಿಗೆ ಎಲ್ಲ ಗೊತ್ತು, ಗೊತ್ತಿದ್ದೂ ತನಗಾಗಿ ಸತ್ತಿದ್ದಾಳೆ ಎಂದು ಆ ಹುಡುಗಿಗೆ ತಿಳಿದದ್ದು ಆ ಕ್ಷಣದಲ್ಲಿ.

ಮಹಾಲಕ್ಷ್ಮೀ ಮುರುಗಲ ಶರಬತ್ತು ತಂದಿಟ್ಟಳು. ಮೇಡಂ ಹುಡುಗಿಯ ಹಣೆ ಮುಟ್ಟಿ ನೋಡಿದರು. ಆಮೇಲೆ ಧನ್ಯಾ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಗಂಧದ ಚಕ್ಕೆಯ ಹಾರ. ಸತ್ತವರ ಫೋಟೋಕ್ಕೆ ಹಾಕುವಂಥದ್ದು. ಮಕ್ಕಳೆಲ್ಲ ಸೇರಿ ತರಿಸಿದ್ದಂತೆ, ಕುಮಟಾಕ್ಕೆ ಬಂದರೆ ಕೊಡೋಣವೆಂದು.

"ಅಮ್ಮನ ಫೋಟೋ ಎಲ್ಲಿದೆ?" ಎಂದು ಮೇಡಂ ಹಾರ ಹಿಡಿದು ಎದ್ದರು.

ಗಾಬರಿಯಾದರೆ ಯಾರಿಗಾದರೂ ಮನೆಮಾತೇ ಬರುತ್ತದೆ. "ಫೋಟೋ ಇಲ್ಲೆ" ಎಂದಳು ಮಹಾಲಕ್ಷ್ಮೀ.

"ಇಲ್ಲೇನಾ? ಎಲ್ಲಿ?" ಮೇಡಂ ಗೋಡೆಗಳನ್ನು ನೋಡಿದರು. ಕ್ಯಾಲೆಂಡರು, ದೇವರ ಪಟ, ಗಡಿಯಾರ.

"ಇಲ್ಲೆ, ಇಲ್ಲೆ" ಎಂದು ಮಹಾಲಕ್ಷ್ಮೀ ಹಿಟ್ಟಿನ ಕೈ ಅಲ್ಲಾಡಿಸಿದಳು. ಮೇಡಂ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿ, ತಿರುಗಿ, ಕೊನೆಗೆ ಸರಿಯಾಗಿ ಮಹಾಲಕ್ಷ್ಮಿಯ ಎದುರೇ ಬಂದು ನಿಂತರು. ಹಾರ ಅವಳ ಕೊರಳಿನಿಂದ ಒಂದು ಗೇಣು ದೂರ.

ಅರ್ಚಿತಾ ಹೊದಿಕೆ ಕಿತ್ತೊಗೆದು ಬಂದು ಇಬ್ಬರ ನಡುವೆ ನಿಂತಳು. "ಮೈ ಮದರ್" ಎಂದಳು. "ಮೈ ಮದರ್ ಈಸ್" ಎಂದಳು. ಮುಂದೆ ಹೋಗಲಿಲ್ಲ. ಅಷ್ಟು ತಿಂಗಳು ಕಲಿತ ಇಂಗ್ಲಿಷ್ ಒಂದು ಮಾತಿಗೂ ಒದಗಲಿಲ್ಲ. ಕೊನೆಗೆ ಹಾರವನ್ನು ಮೇಡಂ ಕೈಯಿಂದ ಕಸಿದುಕೊಂಡು, ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಅಮ್ಮ ಇಲ್ಲೇ ಇದ್ದಾರೆ, ಮೇಡಂ. ಇವರೇ."

ಧನ್ಯಾಳ ಬಾಯಿಂದ ನಗೆಯೋ ಬಿಕ್ಕೋ ಏನೋ ಒಂದು ಹೊರಟಿತು. ಮೇಡಂ ಮಹಾಲಕ್ಷ್ಮಿಯತ್ತ ತಿರುಗಿದರು. ಅವರ ಕಣ್ಣಲ್ಲಿ ಇದ್ದದ್ದು ಸಿಟ್ಟು, ನನಗೆ ಸಿಟ್ಟಿನ ಗುರುತು ಚೆನ್ನಾಗಿ ಉಂಟು. ತಾಯಿ ಸತ್ತ ದುಃಖವನ್ನು ಈ ಹುಡುಗಿಯ ಜೊತೆ ಹಂಚಿಕೊಂಡು ಅತ್ತವರು ಅವರು. ಸಿಟ್ಟು ಬರದೆ ಇದ್ದೀತೆ? ಶರಬತ್ತನ್ನು ಮುಟ್ಟದೆ ಚಪ್ಪಲಿ ಹಾಕಿಕೊಂಡು ಹೋದರು. ಕಾರು ಹೋದ ಮೇಲೆ ಅರ್ಚಿತಾ ತಾಯಿಯ ಸೊಂಟ ತಬ್ಬಿ ನೆಲಕ್ಕೆ ಕುಸಿದಳು. ಮಹಾಲಕ್ಷ್ಮೀ ಹಿಟ್ಟಿನ ಕೈ ಮೇಲೆತ್ತಿಕೊಂಡೇ "ಆತು ಕೂಸೆ, ಆತು. ದೋಷ ಕಳತ್ತು" ಎಂದಳು. ಹಾರವನ್ನು ನಾನೇ ಒಯ್ದು ನಮ್ಮ ಮನೆಯ ದೇವರಪಟಕ್ಕೆ ಹಾಕಿದೆ.

ಮರುದಿನ ಸಂಜೆ ಏಳಾಯಿತು. ರೂಢಿಯಂತೆ ಮಹಾಲಕ್ಷ್ಮೀ ಗ್ರೈಂಡರ್ ಆರಿಸಿದಳು. ಗೋಡೆಯ ಈಚೆ ನಾನು ಬೇಕೆಂದೇ ಪಾತ್ರೆ ತೊಳೆಯುತ್ತ ನಿಂತಿದ್ದೆ. ಒಳಗಿನಿಂದ ಸದ್ದೇ ಇಲ್ಲ. ಹುಡುಗಿ ಮತ್ತೆ ಮೂಕಿಯಾದಳೆಂದುಕೊಂಡೆ. ಅಷ್ಟರಲ್ಲಿ ಅರ್ಚಿತಾ ಅಡುಗೆಮನೆಗೆ ಬಂದಳು, ತಾಯಿಯ ಮುಖವನ್ನೂ ನೋಡದೆ ಗ್ರೈಂಡರಿನ ಸ್ವಿಚ್ಚು ಒತ್ತಿದಳು. ಗುಡುಗು ಶುರುವಾಯಿತು. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು ಅದರ ಮುಂದೆ ನಿಂತಳು.

ಎಲ್ಲರೂ ಬಂದಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ. ಮೇಡಂ ಬಂದಿದ್ದರಂತೆ, ಆದರೆ ಮುಖ ತೋರಿಸದೆ ಚೌಕವನ್ನು ಕಪ್ಪು ಮಾಡಿಕೊಂಡಿದ್ದರಂತೆ. ಅರ್ಚಿತಾ ಗ್ರೈಂಡರಿನ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು. ಆ ದನಿ ಯಾರದೆಂದು ಕೇಳಬೇಕೆ, ಥೇಟ್ ಅವಳ ತಾಯಿಯದೇ.

"ದಿಸ್ ಈಸ್ ಮೈ ಮದರ್. ಮೈ ಮದರ್ ಮೇಕ್ ದೋಸಾ ಹಿಟ್ಟು ಎವರಿ ಡೇ."

ವರ್ತಮಾನ ಕಾಲ ಅವಳಿಗೆ ಬಳಕೆಯಿರಲಿಲ್ಲ. ಅವಳು ಕಾದಳು. ಮಹಾಲಕ್ಷ್ಮೀ ಕಾದಳು. ಕೈಯಲ್ಲಿ ಸೌಟು ಹಿಡಿದು ನಾನೂ ಕಾದೆ. ಕೊನೆಗೆ ಆ ಕಪ್ಪು ಚೌಕದೊಳಗಿನಿಂದ ಮೇಡಂ ದನಿ ಒಂದೇ ಶಬ್ದ ಹೇಳಿತು.

"ಮೇಕ್ಸ್."

"ಮೇಕ್ಸ್" ಎಂದಳು ಅರ್ಚಿತಾ. "ಮೈ ಮದರ್ ಮೇಕ್ಸ್."

"ವೀಣಕ್ಕಾ!" ಮಹಾಲಕ್ಷ್ಮೀ ಗೋಡೆಯ ಆಚೆಯಿಂದ ಕೂಗಿದಳು. ಕೇರಿಯ ಕೊನೆಯ ಮನೆಯ ನಾಯಿ ಬೊಗಳಿತು. "ಈ 'ಮೇಕ್ಸ್' ಅಂದ್ರೆ ಎಂತ?"

"ಮಾಡ್ತಾ ಇದ್ದಾಳೆ ಅಂತ ಮಾರಾಯ್ತಿ" ಎಂದು ನಾನೂ ಕೂಗಿದೆ. "ಈಗಲೂ ಮಾಡ್ತಾಳೆ ಅಂತ!"